ಮೀಟರಿನ 94

ಇವತ್ತು ಕಪಾಟು ಒರೆಸುವಾಗ ಕೋವಿಡ್ ಕಾಲದ ಆಕ್ಸಿಮೀಟರ್ ಸಿಕ್ತು, ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸೋ ಮೀಟರ್. ಹೊಸ ಸೆಲ್ ಹಾಕಿದ್ರೆ ಈಗಲೂ ಉರಿಯುತ್ತೆ.

ಒಳಗೆ ಎರಡೇ ಬೆಳಕು. 660 ನ್ಯಾನೋಮೀಟರಿನ ಕೆಂಪು, 940ರ ಆಸುಪಾಸಿನ ಇನ್‌ಫ್ರಾರೆಡ್. ಚರ್ಮಕ್ಕೆ ಕಪ್ಪು ಬಣ್ಣ ಕೊಡೋ ಮೆಲನಿನ್ ಆ ಕೆಂಪನ್ನು ಹೆಚ್ಚು ಹೀರುತ್ತೆ, ಲೆಕ್ಕ ತಪ್ಪಿ ಅಂಕಿ ಇರೋದಕ್ಕಿಂತ ಹೆಚ್ಚು ತೋರಬಹುದು.

2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು ಬಂತು. ಮೀಟರ್ 92ರಿಂದ 96 ಅಂತ ತೋರಿಸಿದಾಗಲೂ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ವರ್ಣೀಯರ ಶೇ 11.7 ಅಳತೆಗಳಲ್ಲಿ. ಬಿಳಿಯರಲ್ಲಿ ಶೇ 3.6.

ಆಕ್ಸಿಜನ್ ಕೊಡೋದು, ಬೆಡ್ ಕೊಡೋದು ಈ ಅಂಕಿ ನೋಡಿಯೇ ಅಲ್ವಾ?

ಇನ್ನು ಆ ಬೆರಳು ಪಾರ್ಶ್ವವಾಯು ಆದ ಕಪ್ಪು ಅಜ್ಜಿಯದ್ದಾದರೆ? ತಣ್ಣಗಿನ ಕೈ, ಮಡಚಿದ ಬೆರಳು, ನಡುಕ. ಉಸಿರು ಸಾಲ್ತಿಲ್ಲ ಅನ್ನೋಕೆ ಮಾತಿಲ್ಲ. 'ಇವರು ದಿನಾ ಹೀಗಿರಲ್ಲ' ಅಂತ ಹೇಳಬಲ್ಲ ಮಗಳನ್ನು 2020ರ ಮಾರ್ಚಿನಿಂದ ಅಮೆರಿಕದ ನರ್ಸಿಂಗ್ ಹೋಮಿನ (ಅಲ್ಲಿ ಅದು ಹಿರಿಯರ ಆರೈಕೆಯ ಮನೆ) ಹೊರಗೇ ನಿಲ್ಲಿಸಿದ್ದರು. ನನಗೆ ಅತಿ ಸಂಕಟ ಅನ್ನಿಸೋದು ಇದೇ.

ಮನೇಲಿ ಇಂಥ ಹಿರಿಯರಿದ್ರೆ ಸ್ವಾಧೀನ ಇರೋ ಕೈಯನ್ನೇ ಬಳಸಿ. ಉಜ್ಜಿ ಬೆಚ್ಚಗೆ ಮಾಡಿ, ನೇಲ್ ಪಾಲಿಶ್ ತೆಗೀರಿ, ಕೈಯನ್ನು ದಿಂಬಿನ ಮೇಲಿಡಿ. ಒಂದು ನಿಮಿಷ ಕಾದು, ಅಂಕಿ ನಿಂತ ಮೇಲೆ ಬರ್ಕೊಳ್ಳಿ. ಒಂದು ಅಂಕಿಗಿಂತ ಇಳಿತ ಮುಖ್ಯ: ನಿನ್ನೆ 98, ಇವತ್ತು 94 ಅಂದ್ರೆ ಡಾಕ್ಟರಿಗೆ ಹೇಳಿ. ಎದೆ ನೋಡಿ ಉಸಿರನ್ನೂ ಎಣಿಸಿ. ನಿಮಿಷಕ್ಕೆ 24 ದಾಟಿದ್ರೆ ಮೀಟರ್ ಏನೇ ತೋರಿಸಲಿ, ಆಸ್ಪತ್ರೆಗೆ ಹೊರಡಿ.