ನವಜಾತ ಶಿಶುಗಳ ಅಂತಿಮ ಹಂತದ ನಿರ್ಧಾರ ಮತ್ತು ಒಂದು ಮುನ್ನಂದಾಜು ಮಾದರಿ: ಕೆಲಸ ಎಲ್ಲಿಗೆ ಬಂತು

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮುಂದುವರಿಸಬೇಕೋ, ಮಗುವಿಗೆ ನೋವಾಗದಂತೆ ನೋಡಿಕೊಳ್ಳುವುದಷ್ಟೇ ಸಾಕೋ ಎಂಬ ಮಾತುಕತೆ ನಡೆಯುವಾಗ ಮಗು ಬದುಕುಳಿಯುವ ಸಾಧ್ಯತೆ ಎಷ್ಟೆಂದು ವೈದ್ಯರು ನೋಡಬಹುದಾದ ಒಂದು ಸಣ್ಣ ಮುನ್ನಂದಾಜು ಉಪಕರಣವನ್ನು ಕಟ್ಟಿ ನೋಡುವುದು ಈ ಯೋಜನೆಯ ಉದ್ದೇಶ. ನಾನು ವೈದ್ಯನಲ್ಲ, ದತ್ತಾಂಶದ ಕೆಲಸ ಮಾಡುವವನು. ಇದು ನನ್ನ ಬಿಡುವಿನ ವೇಳೆಯ ಕೆಲಸವಾಗಿದ್ದು, ಯಾವ ಆಸ್ಪತ್ರೆಯ ಬಳಕೆಗೂ ಹೋಗುವುದಿಲ್ಲ. ಇಂಥ ಮಾದರಿಗಳು ನಿಜವಾಗಿ ಏನನ್ನು ಕಲಿಯುತ್ತವೆ ಎಂಬುದನ್ನು ಒಳಗಿನಿಂದ ಅರಿಯಬೇಕೆಂಬ ಆಸೆಯಿಂದ ಕೈಗೆತ್ತಿಕೊಂಡೆ.

ದತ್ತಾಂಶ

ಬಳಸುತ್ತಿರುವುದು ಬೋಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ದಾಖಲೆಗಳಿಂದ ರೂಪಿಸಿದ ಮಿಮಿಕ್-3 ಸಂಗ್ರಹವನ್ನು. ಅದರಲ್ಲಿ 2001ರಿಂದ 2008ರವರೆಗೆ ದಾಖಲಾದ 7,870 ನವಜಾತ ಶಿಶುಗಳ ಮಾಹಿತಿಯಿದೆ. ಮಾನವ ವಿಷಯಕ ಸಂಶೋಧನೆಯ ತರಬೇತಿ ಮುಗಿಸಿ, ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಫಿಸಿಯೋನೆಟ್ ಎಂಬ ವೈದ್ಯಕೀಯ ದತ್ತಾಂಶದ ಜಾಲತಾಣದ ಮೂಲಕ ಅದು ಸಿಗುತ್ತದೆ. ದಾಖಲೆಗಳನ್ನು ಹೊರಗಿನ ಯಾರಿಗೂ ಕೊಡುವಂತಿಲ್ಲವಾದ್ದರಿಂದ, ಟಿಪ್ಪಣಿಗಳನ್ನು ಅಂತರ್ಜಾಲದ ಯಾವುದೋ ಚಾಟ್‌ಬಾಟ್‌ಗೆ ಸುರಿದು ಸಾರಾಂಶ ಕೇಳುವ ಸುಲಭದ ದಾರಿ ಇಲ್ಲಿಲ್ಲ. ಎಲ್ಲವೂ ಮನೆಯ ಕಂಪ್ಯೂಟರಿನಲ್ಲೇ ನಡೆಯಬೇಕು. ಗುರುತು ಮರೆಸುವುದಕ್ಕಾಗಿ ದಿನಾಂಕಗಳನ್ನೆಲ್ಲ 2100 ಮತ್ತು 2200ರ ನಡುವಿನ ಯಾವುದೋ ವರ್ಷಕ್ಕೆ ತಳ್ಳಿದ್ದಾರೆ. ಇನ್ನೂ ಬಾರದ ಶತಮಾನದಲ್ಲಿ ಹುಟ್ಟಿದ ಮಗುವಿನ ರಾತ್ರಿ ಪಾಳಿಯ ಟಿಪ್ಪಣಿ ಓದುವುದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು.

ಮೊದಲ ಹನ್ನೆರಡು ಗಂಟೆಗಳು

ಮಾದರಿಗೆ ಕೊಡುವ ಅಂಶಗಳನ್ನು ನಾನು ಹೊಸದಾಗಿ ಹುಡುಕಲಿಲ್ಲ. ಮಗು ಘಟಕಕ್ಕೆ ಸೇರಿದ ಮೊದಲ ಹನ್ನೆರಡು ಗಂಟೆಗಳ ಸ್ಥಿತಿಯಿಂದ ಸಾವಿನ ಅಪಾಯವನ್ನು ಅಳೆಯುವ, 2001ರಲ್ಲಿ ಪ್ರಕಟವಾದ ಸ್ನ್ಯಾಪ್-ಪಿಇ-2 ಎಂಬ ಅಂಕಪದ್ಧತಿಯ ಒಂಬತ್ತು ಅಂಶಗಳನ್ನೇ ತೆಗೆದುಕೊಂಡೆ: ಅತಿ ಕಡಿಮೆ ಸರಾಸರಿ ರಕ್ತದೊತ್ತಡ, ಅತಿ ಕಡಿಮೆ ದೇಹದ ಉಷ್ಣತೆ, ಕೊಡುತ್ತಿರುವ ಆಮ್ಲಜನಕಕ್ಕೆ ಹೋಲಿಸಿದರೆ ರಕ್ತಕ್ಕೆ ಸೇರುತ್ತಿರುವ ಪ್ರಮಾಣ, ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ), ಮರುಕಳಿಸುವ ಫಿಟ್ಸ್, ಮೂತ್ರದ ಪ್ರಮಾಣ, ಜನನ ತೂಕ, ಗರ್ಭದ ವಾರಕ್ಕೆ ತಕ್ಕಷ್ಟು ಬೆಳೆದಿದೆಯೇ ಎಂಬುದು, ಹುಟ್ಟಿದ ಐದನೆಯ ನಿಮಿಷದಲ್ಲಿ ಮಗುವಿನ ಚೈತನ್ಯಕ್ಕೆ ಕೊಡುವ ಎಪ್ಗಾರ್ ಅಂಕ. ಇವಕ್ಕೆ ಗರ್ಭದ ವಾರಗಳನ್ನು ಸೇರಿಸಿ ಸರಳ ಲಾಜಿಸ್ಟಿಕ್ ಮಾದರಿಯೊಂದನ್ನೂ ನಿರ್ಧಾರ ವೃಕ್ಷಗಳ ಮಾದರಿಯೊಂದನ್ನೂ ಓಡಿಸಿದೆ.

ಇಲ್ಲಿ ಗಮನ ಸೆಳೆದದ್ದು ಖಾಲಿ ಜಾಗಗಳು. ರಕ್ತದ ಅನಿಲ ಪರೀಕ್ಷೆಯ ಫಲಿತಾಂಶವೇ ಇಲ್ಲವೆಂದರೆ, ಬಹುತೇಕ ಸಂದರ್ಭಗಳಲ್ಲಿ, ಆ ಪರೀಕ್ಷೆ ಬೇಕೆಂದು ವೈದ್ಯರಿಗೆ ಅನ್ನಿಸಲಿಲ್ಲವೆಂದರ್ಥ, ಮಗು ಆರಾಮವಾಗಿತ್ತು. ಖಾಲಿ ಜಾಗಕ್ಕೆ ಸರಾಸರಿ ತುಂಬಿದರೆ ಆ ಸೂಚನೆ ಅಳಿಸಿಹೋಗುತ್ತದೆ. ಖಾಲಿ ಎಂಬುದನ್ನೇ ಒಂದು ಅಂಶವನ್ನಾಗಿ ಕೊಟ್ಟರೆ ಮಾದರಿ ಮಗುವಿನ ದೇಹಸ್ಥಿತಿಗಿಂತ ವೈದ್ಯರ ಅಂದಾಜನ್ನು ಕಲಿಯುತ್ತದೆ.

ನಿಖರತೆಯ ಅಂಕಿಯನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಸಂಗ್ರಹದಲ್ಲಿ ಮರಣಗಳ ಪಾಲು ತೀರ ಸಣ್ಣದಾದ್ದರಿಂದ, ‘ಎಲ್ಲರೂ ಬದುಕುತ್ತಾರೆ’ ಎಂದು ಕಣ್ಣುಮುಚ್ಚಿ ಹೇಳುವ ಮಾದರಿಗೂ ಬಹಳ ಒಳ್ಳೆಯ ಅಂಕ ಬರುತ್ತದೆ.

‘ಮರಣ’ ಎಂಬ ಕಾಲಂ

ಇತ್ತೀಚಿನ ಕೆಲಸವೆಲ್ಲ ಇದರ ಸುತ್ತಲೇ ನಡೆದಿದೆ. ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿತೇ ಇಲ್ಲವೇ ಎಂಬುದು ದತ್ತಾಂಶದಲ್ಲಿ ಸೊನ್ನೆ ಅಥವಾ ಒಂದು. ಆದರೆ ಎಲ್ಲ ಚಿಕಿತ್ಸೆ ನಡೆಯುತ್ತಿದ್ದಾಗಲೇ ತೀರಿಕೊಂಡ ಮಗುವಿಗೂ, ಹೆತ್ತವರೊಡನೆ ಮಾತಾಡಿ ವೆಂಟಿಲೇಟರ್ ತೆಗೆದ ಮೇಲೆ ತೀರಿಕೊಂಡ ಮಗುವಿಗೂ ಅದೇ ‘ಒಂದು’. ಎರಡನೆಯ ಮಗುವಿನ ಸಾವಿನಲ್ಲಿ ಮನುಷ್ಯರ ನಿರ್ಧಾರವೂ ಸೇರಿದೆ. ಹಿಂದಿನ ವೈದ್ಯರು ಯಾವ ಮಕ್ಕಳಿಗೆ ಚಿಕಿತ್ಸೆ ನಿಲ್ಲಿಸಿದರೋ ಅಂಥ ಮಕ್ಕಳಿಗೆ ಮಾದರಿ ಹೆಚ್ಚಿನ ಅಪಾಯ ತೋರಿಸುತ್ತದೆ. ಅದನ್ನು ನೋಡಿ ಮುಂದಿನ ವೈದ್ಯರೂ ನಿಲ್ಲಿಸಿದರೆ, ಆ ಸಾವು ಮಾದರಿ ಹೇಳಿದ್ದು ನಿಜವಾಯಿತೆಂಬುದಕ್ಕೆ ಸಾಕ್ಷಿಯಾಗಿ ಮತ್ತೆ ದತ್ತಾಂಶಕ್ಕೆ ಸೇರುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ 24 ಆಸ್ಪತ್ರೆಗಳಲ್ಲಿ 2006ರಿಂದ 2011ರವರೆಗೆ ಗರ್ಭದ 27 ವಾರ ತುಂಬುವ ಮೊದಲೇ ಹುಟ್ಟಿದ 4,987 ಶಿಶುಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 22 ವಾರಕ್ಕೆ ಹುಟ್ಟಿದವರಲ್ಲಿ ಬದುಕುಳಿದವರು ಶೇ. 5.1. ಆದರೆ ಆ ವಾರದ ಶಿಶುಗಳಲ್ಲಿ ಬದುಕಿಸುವ ಸಕ್ರಿಯ ಚಿಕಿತ್ಸೆ ದೊರೆತದ್ದೇ ಶೇ. 22.1ರಷ್ಟು ಮಂದಿಗೆ, ದೊರೆತವರನ್ನಷ್ಟೇ ಎಣಿಸಿದರೆ ಬದುಕುಳಿದವರು ಶೇ. 23.1. ಪರೀಕ್ಷೆಗೇ ಕೂರಿಸದ ಮಕ್ಕಳನ್ನೂ ಫೇಲಾದವರ ಪಟ್ಟಿಗೆ ಸೇರಿಸಿ ಶಾಲೆಯ ಫಲಿತಾಂಶ ಲೆಕ್ಕ ಹಾಕಿದಂತೆ ಇದು. ಸಕ್ರಿಯ ಚಿಕಿತ್ಸೆ ಕೊಡುವ ರೂಢಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗಿದ್ದರಿಂದ, ಇಷ್ಟು ಬೇಗ ಹುಟ್ಟಿದ ಮಗುವಿನ ಹಣೆಬರಹವನ್ನು ಯಾವ ಆಸ್ಪತ್ರೆಯಲ್ಲಿ ಹುಟ್ಟಿತು ಎಂಬುದೂ ಬರೆಯುತ್ತಿತ್ತು.

ಆದ್ದರಿಂದ ತೀರಿಕೊಂಡ ಶಿಶುಗಳ ಟಿಪ್ಪಣಿಗಳನ್ನು ಒಂದೊಂದಾಗಿ ಓದಿ ಮೂರು ಗುಂಪು ಮಾಡುತ್ತಿದ್ದೇನೆ: ಪೂರ್ಣ ಚಿಕಿತ್ಸೆಯ ನಡುವೆಯೇ ಆದ ಸಾವು, ಚಿಕಿತ್ಸೆ ಹಿಂತೆಗೆದ ಅಥವಾ ಆರಂಭಿಸದೆ ಬಿಟ್ಟ ಮೇಲಿನ ಸಾವು, ಸ್ಪಷ್ಟವಾಗದ್ದು. ಮೂಲ ವಾಕ್ಯಗಳನ್ನು ಇಲ್ಲಿ ಕೊಡುವುದಿಲ್ಲ, ಕೊಡುವುದು ಸರಿಯೂ ಅಲ್ಲ. ಆದರೆ ಓದುತ್ತ ಹೋದಂತೆ ತಿರುವು ಎಲ್ಲಿದೆಯೆಂದು ತಿಳಿದುಬಿಡುತ್ತದೆ. ಅಲ್ಲಿಯವರೆಗೆ ವೆಂಟಿಲೇಟರ್ ಒತ್ತಡ, ರಕ್ತದ ಅನಿಲ, ಡ್ರಿಪ್ಪಿನ ವೇಗ ಎಂದು ಸಾಗುತ್ತಿದ್ದ ಬರವಣಿಗೆ, ಕುಟುಂಬದೊಡನೆ ಮಾತುಕತೆಯಾಯಿತು ಎಂಬ ಸಾಲಿನ ನಂತರ ನೋವು ನಿವಾರಕದ ಕಡೆಗೆ, ಮಗುವನ್ನು ಈಗ ಯಾರು ಎತ್ತಿಕೊಂಡಿದ್ದಾರೆ ಎಂಬುದರ ಕಡೆಗೆ ಹೊರಳುತ್ತದೆ.

ಗುಂಪು ಮಾಡಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ. ಚಿಕಿತ್ಸೆ ಹಿಂತೆಗೆದ ಶಿಶುಗಳನ್ನು ಲೆಕ್ಕದಿಂದ ಹೊರಗಿಟ್ಟರೆ ಮಾದರಿ ವಿಪರೀತ ಆಶಾವಾದಿಯಾಗುತ್ತದೆ, ಏಕೆಂದರೆ ಅವರಲ್ಲಿ ಹೆಚ್ಚಿನವರ ಸ್ಥಿತಿ ನಿಜವಾಗಿಯೂ ಗಂಭೀರವಾಗಿತ್ತು. ಹಾಗಾಗಿ ಎರಡು ಅತಿರೇಕಗಳನ್ನು ಲೆಕ್ಕ ಹಾಕುತ್ತಿದ್ದೇನೆ: ಚಿಕಿತ್ಸೆ ಮುಂದುವರಿದಿದ್ದರೆ ಅವರೆಲ್ಲರೂ ಬದುಕುತ್ತಿದ್ದರು ಎಂದುಕೊಂಡು ಒಂದು ಮಾದರಿ, ಹೇಗಿದ್ದರೂ ಎಲ್ಲರೂ ಸಾಯುತ್ತಿದ್ದರು ಎಂದುಕೊಂಡು ಇನ್ನೊಂದು. ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಗಟ್ಟಿಮುಟ್ಟಾದ ಮಕ್ಕಳಲ್ಲಿ ಎರಡೂ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿವೆ. ನಿರ್ಧಾರದ ಪ್ರಶ್ನೆ ಏಳುವಂಥ ಮಕ್ಕಳಲ್ಲಿಯೇ ನಡುವಿನ ಅಂತರ ಅಗಲವಾಗಿ ಬಾಯಿ ತೆರೆಯುತ್ತದೆ. ಉಪಕರಣ ಎಲ್ಲಿ ಬೇಕಾಗಿತ್ತೋ ಅಲ್ಲಿಯೇ ಅದರ ಮಾತಿಗೆ ಬೆಲೆ ಕಡಿಮೆ ಎಂಬುದು ಇದುವರೆಗಿನ ಕೆಲಸದ ಮುಖ್ಯ ಫಲಿತಾಂಶ. ಒಂದೇ ಅಂಕಿ ತೋರಿಸುವ ಯಾವ ಮಾದರಿಯೂ ಇದನ್ನು ಹೊರಗೆ ಕಾಣಗೊಡುವುದಿಲ್ಲ.

ನಮ್ಮ ಕಡೆಯ ದಾಖಲೆಗಳು

ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ನರ್ಸ್ ಆಗಿರುವ ನನ್ನ ಅತ್ತಿಗೆಗೆ ಈ ಮೂರು ಗುಂಪುಗಳ ಬಗ್ಗೆ ಹೇಳಿ, ಇಲ್ಲಿ ಇಂಥ ದತ್ತಾಂಶ ಸಿಕ್ಕರೆ ಹೇಗಿರುತ್ತದೆ ಎಂದು ಕೇಳಿದೆ. ‘ನಮ್ಮಲ್ಲಿ ಲಾಮಾ ಕಾಲಂ ಒಂದಿದೆಯಲ್ಲಪ್ಪ, ಅದನ್ನ ಎಲ್ಲಿ ಹಾಕ್ತೀಯ? ಕರ್ಕೊಂಡು ಹೋದ ಮೇಲೆ ಮಗು ಏನಾಯ್ತು ಅಂತ ರಿಜಿಸ್ಟರ್‌ಗೆ ಗೊತ್ತಾಗಲ್ಲ’ ಎಂದರು. ಲಾಮಾ ಎಂದರೆ ವೈದ್ಯರ ಸಲಹೆಗೆ ವಿರುದ್ಧವಾಗಿ ಆಸ್ಪತ್ರೆ ಬಿಡುವುದು. ಖರ್ಚು, ಸಾಲ, ಮನೆಯಲ್ಲಿರುವ ಇನ್ನೊಂದು ಮಗು ಇವೆಲ್ಲ ಸೇರಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಮಗುವನ್ನು ಮನೆಗೆ ಕರೆದೊಯ್ಯುವುದೇ ನಮ್ಮಲ್ಲಿ ಎಷ್ಟೋ ಸಲ ಅಂತಿಮ ನಿರ್ಧಾರವಾಗಿರುತ್ತದೆ. ದಾಖಲೆಯಲ್ಲಿ ಅದು ಸಾವಾಗಿ ಬರುವುದಿಲ್ಲ, ಆಸ್ಪತ್ರೆಯಿಂದ ಹೊರಟದ್ದಾಗಿ ಮಾತ್ರ ಬರುತ್ತದೆ. ಬೋಸ್ಟನ್ನಿನ ಸಂಗ್ರಹದಲ್ಲಿ ನಿರ್ಧಾರ ಸಾವಿನೊಳಗೆ ಅಡಗಿದ್ದರೆ ಇಲ್ಲಿ ಅದು ಬಿಡುಗಡೆಯೊಳಗೆ ಅಡಗಿರುತ್ತದೆ. ಅಲ್ಲಿ ಕಲಿತ ಮಾದರಿಯನ್ನು ಇಲ್ಲಿಗೆ ತಂದು ಕೂರಿಸುವ ಯೋಚನೆಯನ್ನು ಸದ್ಯಕ್ಕೆ ಪೂರ್ತಿ ಬದಿಗಿಟ್ಟಿದ್ದೇನೆ.

ಕಾನೂನಿನ ದೃಷ್ಟಿಯಿಂದಲೂ ಒಂದು ಎಲ್ಲೆ ಹಾಕಿಕೊಂಡಿದ್ದೇನೆ. ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು ಮತ್ತು 2023ರ ತಿದ್ದುಪಡಿಯಂತೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ಮುನ್ನ ವೈದ್ಯರ ಪ್ರಾಥಮಿಕ ಮತ್ತು ದ್ವಿತೀಯ ಮಂಡಳಿಗಳೆರಡೂ ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಅನುಷ್ಠಾನಕ್ಕೆ ಸುತ್ತೋಲೆ ಹೊರಡಿಸಿತು. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಲು ನವಜಾತ ಶಿಶುವಿಗೆ ಸಾಧ್ಯವಿಲ್ಲ. ಅದರ ಪರವಾಗಿ ಮಾತಾಡುವವರು ಹೆತ್ತವರೇ. ಮಂಡಳಿಯ ಕಾಗದದ ಮೇಲೆ ಯಂತ್ರದ ಅಂಕಿಯೊಂದು ಕುಳಿತರೆ ಅದಕ್ಕೆ ಯಾರ ಸಹಿ? ಆದ್ದರಿಂದ ನನ್ನ ಉಪಕರಣದಲ್ಲಿ ಮುದ್ರಿಸುವ ಸೌಲಭ್ಯವನ್ನೇ ಇಟ್ಟಿಲ್ಲ.

ಪರದೆ

ಈಗಿನ ಪರದೆಯಲ್ಲಿ ಒಂದೇ ಶೇಕಡಾವಾರು ಅಂಕಿಯ ಬದಲು ಆ ಎರಡು ಅತಿರೇಕಗಳ ನಡುವಿನ ಅಂತರವನ್ನು ತೋರಿಸುವ ಅಡ್ಡಪಟ್ಟಿ ಕಾಣುತ್ತದೆ. ಅದರ ಕೆಳಗೆ, ಇಂಥದೇ ಸ್ಥಿತಿಯ ಎಷ್ಟು ಶಿಶುಗಳಿಂದ ಈ ಅಂದಾಜು ಬಂತು, ಅವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಹಿಂತೆಗೆಯಲಾಗಿತ್ತು ಎಂಬುದು. ‘ಇವನು ಮುಂದೆ ನಡೀತಾನಾ, ಮಾತಾಡ್ತಾನಾ’ ಎಂಬ ಹೆತ್ತವರ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಮಗು ಮನೆಗೆ ಹೋದ ನಂತರದ ಬೆಳವಣಿಗೆಯ ಮಾಹಿತಿ ಮಿಮಿಕ್-3ರಲ್ಲಿ ಇಲ್ಲದ ಕಾರಣ ಪರದೆಯ ಮೇಲೂ ಅದನ್ನು ಹಾಗೆಯೇ ಬರೆದಿದ್ದೇನೆ.

ಮುಂದಿನ ಕೆಲಸವೆಂದರೆ ನಾನು ಮಾಡಿದ ಮೂರು ಗುಂಪುಗಳನ್ನು ತೋರಿಸದೆ, ಅದೇ ಟಿಪ್ಪಣಿಗಳನ್ನು ಮಕ್ಕಳ ವೈದ್ಯರೊಬ್ಬರಿಂದ ಮತ್ತೊಮ್ಮೆ ಓದಿಸಿ ಇಬ್ಬರ ವಿಂಗಡಣೆ ಎಷ್ಟರಮಟ್ಟಿಗೆ ಹೊಂದುತ್ತದೆಂದು ನೋಡುವುದು. ಪರಿಚಯದ ವೈದ್ಯರೊಬ್ಬರು ಒಪ್ಪಿದ್ದಾರೆ. ಅವರೂ ಅದೇ ತರಬೇತಿ ಮುಗಿಸಿ ಅನುಮತಿ ಪಡೆಯಬೇಕಿದೆ. ಅಷ್ಟರೊಳಗೆ, ಪರದೆಯ ಅಡ್ಡಪಟ್ಟಿ ಎಷ್ಟು ಅಗಲವಾದಾಗ ಅಂದಾಜನ್ನೇ ತೋರಿಸದೆ ಪರದೆಯನ್ನು ಖಾಲಿ ಬಿಡಬೇಕು ಎಂಬ ಮಿತಿಯನ್ನು ಗೊತ್ತುಮಾಡಿ, ಆ ಮಿತಿಯಲ್ಲಿ ಎಷ್ಟು ಶಿಶುಗಳಿಗೆ ಉಪಕರಣ ಮೌನವಾಗಿರುತ್ತದೆ ಎಂದು ಲೆಕ್ಕ ಹಾಕಬೇಕು.