‘ಸುತ್ತಿದಲ್ಲೇ ಸುತ್ತುವ ರೈಲನ್ನು ನೋಡಿ ಬೇಜಾರಾಗುವುದಿಲ್ಲವೇ?’

ಕ್ಯಾಲಿಫೋರ್ನಿಯಾದಲ್ಲಿ ಪುಟ್ಟ ಮಾದರಿ ರೈಲುಗಳನ್ನು ಓಡಿಸುವ ಕ್ಲಬ್ಬೊಂದರ ಸದಸ್ಯ ನಾನು ಎಂದು ಗೊತ್ತಾದ ಕೂಡಲೇ ಎದುರಿನವರ ಬಾಯಿಂದ ಬರುವ ಪ್ರಶ್ನೆ ಇದು. ಕಚೇರಿಯಲ್ಲಿ ಕೇಳಿದ್ದಾರೆ, ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿದ್ದಾರೆ, ಊರಿಂದ ಬಂದ ನೆಂಟರಂತೂ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಕೇಳಿದ್ದಾರೆ. ನಿಜ ಹೇಳಬೇಕೆಂದರೆ, ಸುತ್ತಿದಲ್ಲೇ ಸುತ್ತುವ ರೈಲನ್ನು ನೋಡಿದರೆ ನನಗೂ ಹತ್ತು ನಿಮಿಷಕ್ಕೆ ಆಕಳಿಕೆ ಬರುತ್ತದೆ. ಆದರೆ ನಮ್ಮ ರೈಲು ಸುತ್ತುವುದಿಲ್ಲ. ಒಂದು ಊರಿನಿಂದ ಹೊರಡುತ್ತದೆ, ಇನ್ನೊಂದು ಊರಿಗೆ ಹೋಗುತ್ತದೆ, ದಾರಿಯಲ್ಲಿ ಕೆಲಸ ಮಾಡುತ್ತದೆ.

ಜನ ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಪ್ರದರ್ಶನಗಳಲ್ಲಿ ಅವರು ಕಂಡಿರುವುದು ಅದನ್ನೇ. 1970ರ ದಶಕದಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ, ಬೇರೆ ಬೇರೆಯವರು ತಂದ, ಹಳಿ ಕೂರಿಸಿದ ಮೇಜಿನಂಥ ತುಂಡುಗಳನ್ನು ಜೋಡಿಸಿ, ಮೂರು ಹಳಿಸಾಲುಗಳ ಮೇಲೆ ದೊಡ್ಡ ಸುತ್ತಿನಲ್ಲಿ ರೈಲು ಓಡಿಸುತ್ತಿದ್ದರು, ಈಗಲೂ ಓಡಿಸುತ್ತಾರೆ. ಮಕ್ಕಳಿಗೆ ಬಲು ಇಷ್ಟ. ನಮ್ಮದು 1990ರ ದಶಕದಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ ಶುರುವಾದ ಫ್ರೀ-ಮೋ ಪದ್ಧತಿ. ಅಳತೆ ಎಚ್‌ಒ, ಎಂದರೆ ನಿಜದ 87ರಲ್ಲಿ ಒಂದು ಪಾಲು. ತುಂಡಿನ ಎರಡು ತುದಿಗಳು ಮಾತ್ರ ನಿಯಮದಂತೆ ಇರಬೇಕು: 24 ಇಂಚು ಅಗಲ, ನೆಲದಿಂದ ಹಳಿಗೆ 50 ಇಂಚು ಎತ್ತರ. ನಡುವೆ ನೀವು ಎಷ್ಟುದ್ದವಾದರೂ ಮಾಡಿ, ಯಾವ ಕೋನಕ್ಕಾದರೂ ತಿರುಗಿಸಿ. ಹಾಗಾಗಿ ಶಾಲೆಯ ಸಭಾಂಗಣದಲ್ಲಿ ಇಪ್ಪತ್ತು ಜನರ ತುಂಡುಗಳು ಸೇರಿದಾಗ ಅದೊಂದು ಉಂಗುರವಾಗುವುದಿಲ್ಲ, ಕುರ್ಚಿಗಳ ನಡುವೆ ಹಾವಿನಂತೆ ಹರಿದುಹೋಗುವ ಒಂಟಿ ಹಳಿಯಾಗುತ್ತದೆ. ಯುರೋಪಿನಲ್ಲಿ 1981ರಿಂದ ಇರುವ ಫ್ರೇಮೋ ಎಂಬ ಬಳಗದವರೂ ಇಂಥದ್ದನ್ನೇ ಮಾಡುತ್ತಾರೆ, ನಮಗಿಂತ ಶಿಸ್ತಾಗಿ.

ಹಳಿ ಊರಿಂದೂರಿಗೆ ಹೋದರೆ ಸಾಲದು, ವ್ಯಾಗನ್ನಿಗೆ ಹೋಗಲು ಕಾರಣ ಬೇಕು. ಆ ಕಾರಣ ಇರುವುದು ಒಂದು ರಟ್ಟಿನ ಚೀಟಿಯಲ್ಲಿ. ಪ್ರತಿ ವ್ಯಾಗನ್ನಿಗೂ ಅದರ ನಂಬರು ಬರೆದ ಒಂದು ಕಾರ್ಡು. ಕಾರ್ಡಿನ ಕೆಳಗೆ ಪುಟ್ಟ ಜೇಬು. ಜೇಬಿನಲ್ಲಿ ಸರಕಿನ ರಸೀದಿ. ರಸೀದಿಗೆ ನಾಲ್ಕು ಮುಖ, ಒಂದೊಂದು ಮುಖದಲ್ಲಿ ಒಂದೊಂದು ಊರು. ನಮ್ಮ ಮಾದರಿ ತೋರಿಸುವ ಕಾಲ 1950ರ ದಶಕ, ಜಾಗ ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆ. ಅಲ್ಲಿಂದ ಲೆಟ್ಯೂಸ್ ಸೊಪ್ಪು ಪೂರ್ವದ ಊರುಗಳಿಗೆ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬ ಕಂಪನಿಯ ಕಿತ್ತಳೆ ಬಣ್ಣದ ವ್ಯಾಗನ್ನುಗಳಲ್ಲಿ ಹೋಗುತ್ತಿತ್ತು. ಎರಡೂ ತುದಿಯಲ್ಲಿ ಮಂಜುಗಡ್ಡೆಯ ಗೂಡು, ತುಂಬಲು ಚಾವಣಿಯಲ್ಲಿ ಮುಚ್ಚಳ. ನನ್ನ ಕೈಗೆ ಅಂಥದ್ದೊಂದು ಖಾಲಿ ವ್ಯಾಗನ್ ಬಂತೆನ್ನಿ. ಮೊದಲ ಮುಖ ‘ಮಂಜುಗಡ್ಡೆ ಕಟ್ಟೆಗೆ’ ಎನ್ನುತ್ತದೆ. ಅಲ್ಲಿ ಬಿಟ್ಟು ಬರುತ್ತೇನೆ. ಮುಂದಿನ ಗಾಡಿಯವರು ರಸೀದಿ ತಿರುಗಿಸುತ್ತಾರೆ: ‘ಸೊಪ್ಪು ತುಂಬುವ ಮನೆಗೆ’. ಆಮೇಲೆ ಮತ್ತೆ ಕಟ್ಟೆಗೆ, ಮತ್ತೆ ಮಂಜುಗಡ್ಡೆ, ಆಮೇಲೆ ಪೂರ್ವಕ್ಕೆ. ಒಂದು ಡಬ್ಬಿಯ ಮೇಲೆ ನಾಲ್ಕು ಜನರ ಕೈ ಆಡಿರುತ್ತದೆ, ಒಬ್ಬರ ಮುಖ ಒಬ್ಬರು ನೋಡದೆಯೂ. ಒಮ್ಮೆ ನಾನು ರಸೀದಿ ತಿರುಗಿಸಲು ಮರೆತೆ. ತುಂಬಿದ ಸೊಪ್ಪು ಇಡೀ ಮಧ್ಯಾಹ್ನ ತುಂಬುವ ಮನೆಗೂ ಕಟ್ಟೆಗೂ ಓಡಾಡಿತು. ನಿಜವಾಗಿದ್ದರೆ ಗೊಬ್ಬರವಾಗುತ್ತಿತ್ತು.

ಸೊಪ್ಪು ತುಂಬುವ ಮನೆ ನನ್ನ ತುಂಡಿನಲ್ಲೇ ಇದೆ. ಅದರ ಸೈಡಿಂಗಿನ, ಎಂದರೆ ಒಂದೇ ಕಡೆ ತೆರೆದಿರುವ ಪಕ್ಕದ ಹಳಿಯ, ಪಾಯಿಂಟು (ಹಳಿ ಕವಲೊಡೆಯುವ ಜಾಗ) ದಕ್ಷಿಣದಿಂದ ಬರುವ ಗಾಡಿಗೆ ಎದುರು ಮುಖ. ಹಾಗೇ ನುಗ್ಗಿದರೆ ಎಂಜಿನ್ ಒಳಗೆ ಸಿಕ್ಕಿಕೊಳ್ಳುತ್ತದೆ, ಬಿಡಬೇಕಾದ ವ್ಯಾಗನ್ ಅದರ ಬೆನ್ನಿಗಂಟಿ ನಿಂತಿರುತ್ತದೆ. ಅದಕ್ಕೆ ಮುಂದಿನ ಊರಿನ ಲೂಪ್ ಲೈನಿಗೆ, ಎಂದರೆ ಎರಡೂ ತುದಿಯಲ್ಲಿ ಮುಖ್ಯ ಹಳಿಗೆ ಸೇರುವ ಹಳಿಗೆ, ಹೋಗಿ, ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಹಿಂದಕ್ಕೆ ತಂದು, ಇನ್ನೊಂದು ತುದಿಗೆ ಕಟ್ಟಿ, ಪಾಯಿಂಟು ದಾಟುವವರೆಗೆ ವ್ಯಾಗನ್ನನ್ನು ಹಿಂದಕ್ಕೆ ಎಳೆದು ತಂದು, ಆಮೇಲೆ ಸೈಡಿಂಗಿನ ಒಳಕ್ಕೆ ತಳ್ಳಬೇಕು. ಲೂಪಿನಲ್ಲಿ ಹಿಡಿಸುವುದು ಎಂಟೇ ವ್ಯಾಗನ್. ನಿಮ್ಮ ಗಾಡಿಯಲ್ಲಿ ಹನ್ನೊಂದಿದ್ದರೆ? ಕೈಯಲ್ಲಿ ಕಾರ್ಡುಗಳನ್ನು ಇಸ್ಪೀಟಿನಂತೆ ಹರಡಿಕೊಂಡು ಯೋಚಿಸುತ್ತಾ ನಿಲ್ಲುತ್ತೀರಿ. ಬೇಜಾರಿಗೆ ಪುರುಸೊತ್ತೆಲ್ಲಿ?

ಬಿಚ್ಚುವುದೂ ಒಂದು ಕೈಚಳಕ. ಕಬಾಬು ಚುಚ್ಚುವ ಬಿದಿರು ಕಡ್ಡಿಯನ್ನು ಎರಡು ಕೊಂಡಿಗಳ ನಡುವೆ ಇಳಿಸಿ ಸ್ವಲ್ಪ ತಿರುಗಿಸಬೇಕು. ಎಳೆತ ಬಿಗಿಯಾಗಿದ್ದರೆ ಬಿಡುವುದಿಲ್ಲ. ಎಂಜಿನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಒತ್ತಿ, ಕೊಂಡಿ ಸಡಿಲವಾದ ಕ್ಷಣಕ್ಕೇ ತಿರುಗಿಸಬೇಕು. ಶಂಟಿಂಗ್ ಮಾಡುವ, ಎಂದರೆ ವ್ಯಾಗನ್ನುಗಳನ್ನು ಬಿಚ್ಚಿ ಜೋಡಿಸುವ, ನಿಜವಾದ ಗಾಡಿ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಹೋದರೆ ನಮ್ಮದು ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್ ಹೋಗಬೇಕು. ಅಷ್ಟು ನಿಧಾನ ಹೋಗಲು ಎಂಜಿನ್ನಿನ ಚಕ್ರ ಕನ್ನಡಿಯಂತಿರಬೇಕು, ವ್ಯಾಗನ್ನಿಗೆ ತೂಕವಿರಬೇಕು. ಅಮೆರಿಕದ ಮಾದರಿ ರೈಲು ಸಂಘದ ಲೆಕ್ಕದಂತೆ ನಲವತ್ತಡಿಯ ವ್ಯಾಗನ್ನಿನ ಮಾದರಿ ಸುಮಾರು 105 ಗ್ರಾಂ ತೂಗಬೇಕು. ಹಗುರಾದದ್ದು ತಳ್ಳುವಾಗ ಹಳಿ ತಪ್ಪುತ್ತದೆ. ನಮ್ಮಲ್ಲಿ ಕೆಲವರು ತಿಂಗಳುಗಟ್ಟಲೆ ಕೂತು ವ್ಯಾಗನ್ನಿಗೆ ತುಕ್ಕಿನ ಬಣ್ಣ ಬಳಿಯುತ್ತಾರೆ, ಅದ್ಭುತವಾಗಿರುತ್ತದೆ. ಆದರೆ ತಕ್ಕಡಿ ಮುಟ್ಟುವುದಿಲ್ಲ. ನನಗಂತೂ ತುಕ್ಕಿಗಿಂತ ತೂಕ ಮುಖ್ಯ.

ಬೇಜಾರು ಆಗುವುದೇ ಇಲ್ಲವೆಂದರೆ ಸುಳ್ಳಾದೀತು. ಒಂಟಿ ಹಳಿಯಲ್ಲಿ ಎದುರಿನ ಗಾಡಿ ಬರುವವರೆಗೆ ಲೂಪಿನಲ್ಲಿ ಕಾಯಬೇಕು, ಕೆಲವೊಮ್ಮೆ ಇಪ್ಪತ್ತು ನಿಮಿಷ. ಅರಸೀಕೆರೆಯಲ್ಲಿ ಬೆಳೆದವನಿಗೆ ಅದು ಹೊಸದೇನಲ್ಲ. ಮೀಟರ್ ಗೇಜ್ ಕಾಲದಲ್ಲಿ ಗೂಡ್ಸ್ ಗಾಡಿ ಕ್ರಾಸಿಂಗಿಗೆ ನಿಂತರೆ ಡ್ರೈವರ್ ಕೆಳಗಿಳಿದು ಎಲೆ ಅಡಿಕೆ ಹಾಕಿಕೊಂಡು, ಉಗಿದು, ಮತ್ತೆ ಹಾಕಿಕೊಳ್ಳುವಷ್ಟು ಹೊತ್ತಾಗುತ್ತಿತ್ತು.

ಅದೇ ಸ್ಟೇಷನ್ನಿನಲ್ಲಿ ಗಾರ್ಡ್ ಆಗಿದ್ದ ನನ್ನ ಸೋದರಮಾವ ಎರಡು ವರ್ಷದ ಹಿಂದೆ ಬಂದಿದ್ದರು. ಕ್ಲಬ್ಬಿಗೆ ಕರೆದುಕೊಂಡು ಹೋದೆ. ಎಲ್ಲರೂ ಕೇಳುವ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಎಂಜಿನ್ ಕಟ್ಟಿದ ಕೂಡಲೇ ನಾನು ಹೊರಡಿಸಿದ್ದನ್ನು ಕಂಡು, “ಅಲ್ಲಯ್ಯಾ, ಪೈಪು ಜೋಡಿಸಿದವರು ಯಾರು? ವ್ಯಾಕ್ಯೂಮ್ ಬಂತೇ?” ಎಂದರು. ಅವರ ಕಾಲದ ಗಾಡಿಯ ಬ್ರೇಕು ಪೈಪಿನೊಳಗಿನ ವ್ಯಾಕ್ಯೂಮಿನಿಂದ ನಡೆಯುತ್ತಿತ್ತು. ಇಲ್ಲಿನ ಗಾಡಿಗೆ ವ್ಯಾಕ್ಯೂಮ್ ಅಲ್ಲ, ಗಾಳಿಯ ಬ್ರೇಕು. ಆದರೆ ಮಾತು ಸರಿಯೇ. ಅಂದಿನಿಂದ ಎಂಜಿನ್ ಕಟ್ಟಿದ ಮೇಲೆ ಒಂದು ನಿಮಿಷ ಗಾಳಿ ತುಂಬಲು ಬಿಡುತ್ತೇನೆ. ನೋಡುವವರಿಗೆ ನಾನು ಸುಮ್ಮನೆ ನಿಂತಂತೆ ಕಾಣುತ್ತದೆ.

ಅವತ್ತೇ ಸಂಜೆ ನನ್ನ ಗಾಡಿ ಕೊನೆಯ ಊರು ಮುಟ್ಟಿತು. ಹತ್ತೂ ವ್ಯಾಗನ್ ಸರಿಯಾಗಿ ಬಂದವೆಂದು ಹಿಗ್ಗಿ, ಹಳಿ ಖಾಲಿ ಎಂದು ಕೂಗಿದೆ. ಎದುರಿನ ಗಾಡಿಯ ಡ್ರೈವರ್ ಹೊರಡಲು ಥ್ರಾಟಲ್ ತಿರುಗಿಸುತ್ತಿದ್ದ. ಮಾವ ನನ್ನ ಹೆಗಲು ತಟ್ಟಿ, “ಕೊನೆಯ ಡಬ್ಬಿ ಎಲ್ಲಿ?” ಎಂದರು.

ಗಾರ್ಡಿನ ಡಬ್ಬಿ ಬಂದಿರಲಿಲ್ಲ. ಮೂರು ತುಂಡು ಹಿಂದೆ, ಎರಡು ಮೇಜು ಸೇರುವ ಕಡೆ ಕೊಂಡಿ ಕಳಚಿ, ನಡುಹಳಿಯಲ್ಲಿ ಒಂಟಿಯಾಗಿ ನಿಂತಿತ್ತು. ನಾನು “ನಿಲ್ಲಿಸು!” ಎಂದು ಕೂಗುತ್ತಾ ಓಡಿದೆ. ಮಾವ ಕುರ್ಚಿ ಎಳೆದುಕೊಂಡು ಕೂತು, ಕೋಟಿನ ಜೇಬಿನಿಂದ ಕನ್ನಡಕ ತೆಗೆದು, ನನ್ನ ಕಾರ್ಡುಗಳನ್ನು ಒಂದೊಂದಾಗಿ ತಪಾಸಣೆ ಮಾಡತೊಡಗಿದರು.