‘ಅಪಾತ್ರ’ ಎಂದು ಬರೆದ ಕೈ

ಹಳೆಯ ಚಾಳು, ಅಂದರೆ ಸಾಲು ಖೋಲಿಗಳ ವಠಾರ, ಕೆಡವಿ ಅದೇ ಜಾಗದಲ್ಲಿ ಹೊಸ ಕಟ್ಟಡ ಕಟ್ಟುವಾಗ ಮನೆಮನೆಗೆ ಹೋಗಿ ರಹಿವಾಸಿಗಳ ಪಟ್ಟಿ ಮಾಡುವುದು ನನ್ನ ಕೆಲಸ. ಊರು ಸೊಲ್ಲಾಪುರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಓಣಿಗೆ ಇಳಿದರೆ ಇವೆರಡರ ಜೊತೆ ತೆಲುಗು. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂದು ನನ್ನ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಒಂದು ಸರಕಾರಿ ಸಂಸ್ಥೆ ಹಿಂದೆ ತನ್ನ ಕೆಲಸಗಾರರಿಗಾಗಿ ಕಟ್ಟಿಸಿದ ಚಾಳು. ಉದ್ದನೆಯ ಪಡಸಾಲೆ, ಸಾಲು ಖೋಲಿಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ನಾಲ್ಕು ಸಂಡಾಸು. ಗೋಡೆಗಳು ಬಿರುಕು ಬಿಟ್ಟಿದ್ದವು. ಕೆಡವಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಯೋಜನೆ ಹೀಗಿತ್ತು: ಹಳಬರಿಗೆ ಒಂದು ಕಟ್ಟಡದಲ್ಲಿ ಉಚಿತ ಮನೆ, ಪಕ್ಕದಲ್ಲಿ ಬಿಲ್ಡರ್ ಮಾರುವ ಫ್ಲ್ಯಾಟುಗಳು, ಆ ಮಾರಾಟದ ಹಣದಿಂದ ಉಚಿತ ಮನೆಗಳ ಖರ್ಚು. ಮುಂಬೈಯಲ್ಲಿ 1995ರಿಂದ ಜೋಪಡಪಟ್ಟಿ ಪುನರ್ವಸತಿ ನಡೆಯುತ್ತಿರುವುದು ಇದೇ ಲೆಕ್ಕದ ಮೇಲೆ. 1920ರ ದಶಕದಲ್ಲಿ ಸರಕಾರ ಕಟ್ಟಿಸಿದ ಅಲ್ಲಿನ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳಲ್ಲಿಯೂ ಈಗ ಇದೇ ಆಗುತ್ತಿದೆ: 160 ಚದರಡಿಯ ಖೋಲಿ ಬಿಟ್ಟುಕೊಟ್ಟವರಿಗೆ 500 ಚದರಡಿಯ ಮನೆ. ವರ್ಳಿಯಲ್ಲಿ 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳ ಕೈಗೆ ಬೀಗದ ಕೈ ಬಂತು. ಆ ಸುದ್ದಿಯ ಚಿತ್ರಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಬಡವರೂ ಉಳ್ಳವರೂ ಒಂದೇ ಆವರಣದಲ್ಲಿ ಬಾಳಬಹುದು ಎಂದು ನಂಬಿಯೇ ನಾನು ಈ ಕೆಲಸದಲ್ಲಿದ್ದೇನೆ.

ಆದರೆ ಆವರಣದ ಒಳಗೆ ಯಾರು ಉಳಿಯುತ್ತಾರೆ ಎಂಬುದನ್ನು ಪಟ್ಟಿ ತೀರ್ಮಾನಿಸುತ್ತದೆ. ಪ್ರತಿ ಹೆಸರಿನ ಮುಂದೆ ಎರಡರಲ್ಲಿ ಒಂದು ಪದ ಬರೆಯಬೇಕು: ಪಾತ್ರ ಅಥವಾ ಅಪಾತ್ರ. ಮರಾಠಿ ಕಚೇರಿಯಲ್ಲಿ ಇದಕ್ಕೆ ‘ಅರ್ಹತೆ ಇಲ್ಲ’ ಎಂಬಷ್ಟೇ ಅರ್ಥ. ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ.

ಮೂಲೆಯ ಖೋಲಿಯಲ್ಲಿ ಬೀಡಿ ಕಟ್ಟುವ ಒಬ್ಬ ವಯಸ್ಸಾದ ತಾಯಿ ಇದ್ದರು. ಖೋಲಿ ತೀರಿಹೋದ ಗಂಡನ ಹೆಸರಿನಲ್ಲಿತ್ತು. ಪಡಿತರ ಚೀಟಿಯಲ್ಲಿ ಅವರ ಹೆಸರು ‘ವ್ವ’ ಎಂದು ಮುಗಿಯುತ್ತಿತ್ತು, ಲೈಟ್ ಬಿಲ್ಲಿನಲ್ಲಿ ‘ಬಾಯಿ’ ಎಂದು. ಅಡ್ಡಹೆಸರು ಒಂದರಲ್ಲಿ ಮನೆತನದ್ದು, ಇನ್ನೊಂದರಲ್ಲಿ ಊರಿನ ಹೆಸರಿಗೆ ‘ಕರ’ ಸೇರಿಸಿದ್ದು. ನಮ್ಮ ಗಡಿಭಾಗದಲ್ಲಿ ಇದು ಮನೆಮನೆಯ ಕಥೆ. ನನ್ನ ಸ್ವಂತ ಅಜ್ಜಿಯ ಕಾಗದಗಳೂ ಹೀಗೆಯೇ ಇದ್ದವು. ಆದರೂ ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂಬ ಆತುರದಲ್ಲಿ ‘ದಾಖಲೆ ಹೊಂದುವುದಿಲ್ಲ, ಅಪಾತ್ರ’ ಎಂದು ಬರೆದು ಮುಂದಿನ ಬಾಗಿಲಿಗೆ ಹೋದೆ.

ಪಟ್ಟಿ ಅಂಟಿಸಿದ ದಿನ ಅವರು ಯಾರಿಂದಲೋ ಅದನ್ನು ಓದಿಸಿಕೊಂಡು ನನ್ನನ್ನು ಹುಡುಕಿಕೊಂಡು ಬಂದರು. ಕೂಗಾಡಲಿಲ್ಲ. “ತಮ್ಮಾ, ನಲವತ್ತು ವರ್ಷ ಈ ಹೊಸ್ತಿಲು ಸಾರಿಸಿದ್ದೇನೆ. ನಾನು ಏನು ಮಾಡಿದೆ ಎಂದು ಅಪಾತ್ರಳಾದೆ?” ಎಂದರು.

ಉತ್ತರ ಇರಲಿಲ್ಲ. ಆಕ್ಷೇಪಣೆಗೆ ಇನ್ನೂ ಅವಧಿ ಇತ್ತು. ಎರಡೂ ಹೆಸರು ಒಬ್ಬರದೇ ಎಂಬ ಪ್ರತಿಜ್ಞಾಪತ್ರ, ಅಕ್ಕಪಕ್ಕದವರ ಸಹಿಯ ಪಂಚನಾಮೆ, ಗಂಡನ ಮರಣದ ದಾಖಲೆ ಎಲ್ಲವನ್ನೂ ಜೋಡಿಸಿಕೊಟ್ಟೆ. ಅವರ ಹೆಸರು ಪಟ್ಟಿಗೆ ಬಂತು. ಆಮೇಲೆ ಇಡೀ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಾಗ ಹೆಸರಿನ ಈ ಗೊಂದಲಕ್ಕಾಗಿಯೇ ಬಿಟ್ಟುಹೋದ ಇನ್ನೂ ಹನ್ನೊಂದು ಮನೆಗಳು ಸಿಕ್ಕವು. ಹನ್ನೊಂದರಲ್ಲಿ ಒಂಬತ್ತು ಹೆಂಗಸರು ನಡೆಸುವ ಮನೆಗಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ನನ್ನ ನಮೂನೆಯಲ್ಲಿ ಮೊದಲ ಕಲಮು ‘ಓಣಿಯಲ್ಲಿ ಕರೆಯುವ ಹೆಸರು’.

ಪಟ್ಟಿಯ ಈ ಮಹತ್ವವನ್ನು ತಿಳಿಯಲು ಬೇರೆ ಊರುಗಳ ಬಗ್ಗೆಯೂ ಓದಿದೆ. ಅಮೆರಿಕದ ಶಿಕಾಗೊ ನಗರ 2000ದಲ್ಲಿ ತನ್ನ ಸರಕಾರಿ ಗಗನಚುಂಬಿ ವಸತಿಗಳನ್ನು ಕೆಡವಿ, ಎಲ್ಲ ಆದಾಯದವರೂ ಕೂಡಿ ಬಾಳುವ ಬಡಾವಣೆಗಳನ್ನು ಕಟ್ಟುವ ಯೋಜನೆ ಹಾಕಿತು. 25,000 ಮನೆಗಳನ್ನು ಹೊಸದಾಗಿ ಕಟ್ಟುವ ಅಥವಾ ದುರಸ್ತಿ ಮಾಡುವ ಗುರಿ. 1999ರ ಅಕ್ಟೋಬರ್ 1ರಂದು ಬಾಡಿಗೆ ಕರಾರಿನ ಮೇಲೆ ಅಲ್ಲಿ ವಾಸವಿದ್ದವರಿಗೆ ಮರಳುವ ಹಕ್ಕು. ಕರಾರಿನಲ್ಲಿ ಹೆಸರಿಲ್ಲದೆ ನೆಂಟರ ಮನೆಯಲ್ಲಿ ಇದ್ದವರು ಮೊದಲ ದಿನವೇ ಲೆಕ್ಕದ ಹೊರಗೆ ಉಳಿದರು. ಹಕ್ಕು ಇದ್ದವರಲ್ಲಿಯೂ ಬಹಳ ಮಂದಿ ಬಾಡಿಗೆ ನೆರವಿನ ಚೀಟಿ ಹಿಡಿದು ದೂರದ ಓಣಿಗಳಿಗೆ ಚದುರಿದರು. ಕೆಡವಿದ ಪ್ರತಿ ಮನೆಗೆ ಒಂದು ಹೊಸ ಮನೆ ಕಟ್ಟಲೇಬೇಕೆಂಬ ಹಳೆಯ ನಿಯಮವನ್ನು ಅಲ್ಲಿನ 1998ರ ಕಾನೂನು ತೆಗೆದುಹಾಕಿತ್ತು. ಮಿಶ್ರ ಬಡಾವಣೆಗೆ ಮರಳಿದವರಿಗೂ ಹೊರಗೆ ಗುಂಪಾಗಿ ಕೂರುವುದರಿಂದ ಹಿಡಿದು ಎಲ್ಲದಕ್ಕೂ ನಿಯಮಗಳ ಕಾಟ ತಪ್ಪಲಿಲ್ಲ.

ಇದನ್ನು ಓದುವಾಗ ನಮ್ಮ ಚಾಳಿನ ಪಡಸಾಲೆ ಕಣ್ಣಮುಂದೆ ಬಂತು. ಮಧ್ಯಾಹ್ನ ಹೆಂಗಸರು ಮೊರಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಎಲೆ ಕತ್ತರಿಸುತ್ತ, ತಂಬಾಕು ತುಂಬಿ ದಾರ ಸುತ್ತುತ್ತ ಸಾಲಾಗಿ ಕೂರುತ್ತಿದ್ದರು. ಅವರಿಗೆ ಆ ಪಡಸಾಲೆಯೇ ಕಾರ್ಖಾನೆ. ಒಬ್ಬರ ಮಗುವಿಗೆ ಜ್ವರ ಬಂದರೆ ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಮುಗಿಸುತ್ತಿದ್ದರು. ನನ್ನ ಸಮೀಕ್ಷೆಯ ಕಾಗದದಲ್ಲಿ ಇದಕ್ಕೆ ಕಲಮೇ ಇರಲಿಲ್ಲ. ಹಾಗಾಗಿ ನಕ್ಷೆ ಬರೆದವರಿಗೆ ತಿಳಿಯಲಿಲ್ಲ, ಹೊಸ ಕಟ್ಟಡದಲ್ಲಿ ಕೂರುವ ಜಾಗವೂ ಬರಲಿಲ್ಲ.

ಈಗ ಆ ತಾಯಿ ಆರನೆಯ ಮಹಡಿಯಲ್ಲಿದ್ದಾರೆ. ಮನೆಯೊಳಗೇ ನಲ್ಲಿ, ಸಂಡಾಸು ಇವೆ. ಮಳೆಗಾಲದಲ್ಲಿ ಗೋಡೆ ಸೋರುವುದಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಲಿಫ್ಟಿಗೆ, ಪಂಪಿಗೆ, ಕಾವಲುಗಾರನಿಗೆ ಎಂದು ಪ್ರತಿ ತಿಂಗಳು ಮೇಂಟೆನೆನ್ಸ್ ಕಟ್ಟಬೇಕು. ಚಾಳಿನಲ್ಲಿ ಅವರಿಗೆ ಈ ಖರ್ಚು ಇರಲಿಲ್ಲ. ಮೂರು ಮನೆಯವರು ಆಗಲೇ ಮನೆಯನ್ನು ಬಾಡಿಗೆಗೆ ಕೊಟ್ಟು ಊರ ಹೊರಗೆ ಹೋಗಿದ್ದಾರೆ. ಕೆಳಗಿನ ಪ್ಯಾಸೇಜಿನಲ್ಲಿ ಬೀಡಿ ಕಟ್ಟಬಾರದು ಎಂದು ಪಕ್ಕದ ಕಟ್ಟಡದವರು ತಕರಾರು ಕೊಟ್ಟಿದ್ದಾರೆ.

ಬರುವ ಭಾನುವಾರ ಎರಡೂ ಕಟ್ಟಡದವರ ಕೂಡು ಸಭೆ ಇದೆ. ನನ್ನ ಕರಾರು ಮುಗಿದು ವರ್ಷವಾಯಿತು, ಆದರೂ ಹೋಗುತ್ತಿದ್ದೇನೆ. ಹಿಂಭಾಗದಲ್ಲಿ ಬೇವಿನ ಮರದ ಕೆಳಗೆ ಒಂದಿಷ್ಟು ಖಾಲಿ ಜಾಗವಿದೆ. ಅದಕ್ಕೆ ತಗಡಿನ ಮಾಡು ಹಾಕಿಸಲು ಎಷ್ಟು ಖರ್ಚಾಗುತ್ತದೆ ಎಂದು ನಿನ್ನೆ ಒಬ್ಬ ಮೇಸ್ತ್ರಿಯನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ.